ಹೊರರಾಜ್ಯದಲ್ಲಿ ಚಿಕಿತ್ಸೆ: ಯಾವ ಸರ್ಕಾರಿ ಸೌಲಭ್ಯ ನಿಮ್ಮೊಂದಿಗೆ ಬರುತ್ತದೆ, ಯಾವುದು ಬರುವುದಿಲ್ಲ?

ಕೆಲಸಕ್ಕೆಂದು ಪುಣೆಗೆ ಬಂದು ಹತ್ತು ವರ್ಷವಾಗಿರಬಹುದು. ಪಡಿತರ ಚೀಟಿ ಮಾತ್ರ ಇನ್ನೂ ಕಲಬುರಗಿಯದೇ ಇರುತ್ತದೆ. ತಂದೆ-ತಾಯಿಯನ್ನು ಮುಂಬೈಗೆ ಕರೆತಂದಿದ್ದೀರಿ, ಅವರ ಆಧಾರ್ ವಿಳಾಸ ಊರಿನದು. ಇಂಥ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದಾಗ ಎದುರಾಗುವ ಮೊದಲ ಪ್ರಶ್ನೆ ಒಂದೇ: "ನಮ್ಮ ಕಾರ್ಡ್ ಇಲ್ಲಿ ನಡೆಯುತ್ತದೆಯೇ?" ಕೆಲವರು ನಡೆಯುವುದಿಲ್ಲ ಎಂದುಕೊಂಡು ಸಾಲ ಮಾಡಿ ಮುಂಗಡ ಕಟ್ಟುತ್ತಾರೆ. ಕೆಲವರು ನಡೆಯುತ್ತದೆ ಎಂದು ನಂಬಿ ಬಂದು, ಕೌಂಟರ್‌ನಲ್ಲಿ ಇಲ್ಲ ಎನಿಸಿಕೊಳ್ಳುತ್ತಾರೆ. ಎರಡರಲ್ಲೂ ನಷ್ಟ ರೋಗಿಗೇ.

ನಮ್ಮ ದೇಶದಲ್ಲಿ ಆರೋಗ್ಯ ರಾಜ್ಯಗಳ ವಿಷಯ. ಹಾಗಾಗಿ ನೆರವು ಒಂದೇ ಬಾಗಿಲಿನಿಂದ ಬರುವುದಿಲ್ಲ. ಕೇಂದ್ರ, ರಾಜ್ಯ, ಮಹಾನಗರ ಪಾಲಿಕೆ, ನಿಮ್ಮ ಉದ್ಯೋಗದಾತರು, ಧರ್ಮದತ್ತಿ ಆಸ್ಪತ್ರೆಗಳು, ಹೀಗೆ ಹಲವು ಬಾಗಿಲುಗಳಿವೆ. ಎಲ್ಲ ಯೋಜನೆಗಳ ಹೆಸರು ನೆನಪಿಡುವುದು ಬೇಕಿಲ್ಲ. ಪ್ರತಿ ಯೋಜನೆಗೂ ಒಂದು ಪ್ರಶ್ನೆ ಕೇಳಿ: ಈ ಸೌಲಭ್ಯ ಯಾವುದಕ್ಕೆ ಕಟ್ಟಿಕೊಂಡಿದೆ? ಕಾಯಿಲೆಗೋ, ರಾಷ್ಟ್ರೀಯ ಪಟ್ಟಿಯಲ್ಲಿರುವ ಹೆಸರಿಗೋ, ರಾಜ್ಯದ ವಾಸಕ್ಕೋ, ಕೆಲಸಕ್ಕೋ? ಉತ್ತರ ಸಿಕ್ಕರೆ ಅದು ನಿಮ್ಮ ಜತೆ ಬರುತ್ತದೋ ಇಲ್ಲವೋ ಎಂಬುದು ಬಹುತೇಕ ತಿಳಿದಂತೆ.

ಕಾಯಿಲೆಗೆ ಕಟ್ಟಿಕೊಂಡ ಸೌಲಭ್ಯಗಳು: ಎಲ್ಲಿದ್ದರೂ ಸಿಗುತ್ತವೆ

ತುರ್ತು ಚಿಕಿತ್ಸೆ. ಜೀವಕ್ಕೆ ಅಪಾಯವಿರುವಾಗ ಮೊದಲು ಚಿಕಿತ್ಸೆ, ಕಾಗದಪತ್ರ ಆಮೇಲೆ. ಸರ್ಕಾರಿ ಇರಲಿ ಖಾಸಗಿ ಇರಲಿ, ಪ್ರತಿ ವೈದ್ಯರಿಗೂ ಈ ಹೊಣೆ ಇದೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ರಸ್ತೆ ಅಪಘಾತವಾದರೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಗದುರಹಿತ ಯೋಜನೆಯಡಿ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ, ಒಬ್ಬ ಗಾಯಾಳುವಿಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಗಾಯಾಳು ಯಾವ ರಾಜ್ಯದವರು ಎಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ. 112ಕ್ಕೆ ಕರೆ ಮಾಡಿ.

ಕ್ಷಯರೋಗ. ಪರೀಕ್ಷೆ ಮತ್ತು ಔಷಧಿ ದೇಶದಾದ್ಯಂತ ಉಚಿತ. ರೋಗಿಯ ಹೆಸರು ನಿಕ್ಷಯ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಣಿಯಾಗುತ್ತದೆ. ಚಿಕಿತ್ಸೆಯ ನಡುವೆ ರಾಯಚೂರಿನಿಂದ ಹೈದರಾಬಾದಿಗೆ ಹೋಗಬೇಕಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ನಿಕ್ಷಯ್ ಸಂಖ್ಯೆ ಹೇಳಿ ವರ್ಗಾವಣೆ ಕೇಳಿ. ಹೊರಡುವ ಮುಂಚೆ ಕೆಲವು ದಿನಗಳ ಮಾತ್ರೆ ಕೈಯಲ್ಲಿರಲಿ. ಕ್ಷಯದಲ್ಲಿ ಮಾತ್ರೆ ತಪ್ಪಿದರೆ ರೋಗಾಣುಗಳು ಔಷಧಿಗೆ ಬಗ್ಗದಂತಾಗುವ ಅಪಾಯವಿದೆ. ಪೌಷ್ಟಿಕ ಆಹಾರಕ್ಕೆಂದು ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ. ಅದು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆ ಊರಿನದಾದರೂ ತೊಂದರೆಯಿಲ್ಲ.

ಎಚ್‌ಐವಿ. ಎಆರ್‌ಟಿ ಕೇಂದ್ರಗಳಲ್ಲಿ ಔಷಧಿ ಉಚಿತ, ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾವಣೆ ಪಡೆಯಬಹುದು. ಸಹಾಯವಾಣಿ 1097.

ಗರ್ಭಿಣಿಯರು ಮತ್ತು ಮಕ್ಕಳು. ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿರುವ ಲಸಿಕೆಗಳು ಯಾವುದೇ ಸರ್ಕಾರಿ ಕೇಂದ್ರದಲ್ಲಿ ಉಚಿತ. ನಮ್ಮಲ್ಲಿ ತಾಯಿ ಕಾರ್ಡ್ ಎನ್ನುವ ಪುಸ್ತಿಕೆಯನ್ನು ಜತೆಯಲ್ಲೇ ಇಟ್ಟುಕೊಳ್ಳಿ. ಹೆರಿಗೆಗೆ ತವರಿಗೆ ಹೋದರೂ, ಮಗುವಿನೊಂದಿಗೆ ಚೆನ್ನೈಗೆ ಮರಳಿದರೂ ಮುಂದಿನ ಲಸಿಕೆ ಯಾವುದು ಎಂದು ಅಲ್ಲಿನ ನರ್ಸ್ ಅದನ್ನು ನೋಡಿಯೇ ಹೇಳುತ್ತಾರೆ.

ಮಾನಸಿಕ ಆರೋಗ್ಯ. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ. ಕರೆ ಮಾಡಿ ಭಾಷೆ ಆರಿಸಿಕೊಂಡರೆ ಕನ್ನಡದಲ್ಲೇ ಮಾತಾಡಬಹುದು. ದೂರದ ಊರಿನಲ್ಲಿ ಒಬ್ಬರೇ ರೋಗಿಯನ್ನು ನೋಡಿಕೊಳ್ಳುತ್ತಿರುವವರೂ ಕರೆ ಮಾಡಬಹುದು. ಅದು ರೋಗಿಗಳಿಗೆ ಮಾತ್ರ ಮೀಸಲಲ್ಲ.

ರಾಷ್ಟ್ರೀಯ ಪಟ್ಟಿಗೆ ಕಟ್ಟಿಕೊಂಡವು: ಹೆಸರಿದ್ದರೆ ಜತೆಗೆ ಬರುತ್ತವೆ

ಆಯುಷ್ಮಾನ್ ಕಾರ್ಡ್. 2018ರ ಸೆಪ್ಟೆಂಬರ್ 23ರಂದು ಆರಂಭವಾದ ಈ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆ ನಗದುರಹಿತವಾಗಿ ಸಿಗುತ್ತದೆ. ಮೊದಲೇ ಇದ್ದ ಕಾಯಿಲೆಗಳಿಗೂ ಅನ್ವಯಿಸುತ್ತದೆ. ಕೇಂದ್ರದ ಪಟ್ಟಿ ಮುಖ್ಯವಾಗಿ 2011ರ ಸಾಮಾಜಿಕ-ಆರ್ಥಿಕ ಜನಗಣತಿಯನ್ನು ಆಧರಿಸಿದೆ. ಆ ಪಟ್ಟಿಯ ಕುಟುಂಬಗಳು ಯೋಜನೆ ಜಾರಿಯಲ್ಲಿರುವ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆ ಪಡೆಯಬಹುದು. ದೆಹಲಿಯೂ 2025ರ ಏಪ್ರಿಲ್‌ನಲ್ಲಿ ಈ ಯೋಜನೆಗೆ ಸೇರಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕರ್ನಾಟಕದಲ್ಲಿ ಕೇಂದ್ರದ ಯೋಜನೆಯೂ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೂ ಒಟ್ಟಿಗೆ ನಡೆಯುತ್ತವೆ. ಕಾರ್ಡ್ ನೋಡಲು ಒಂದೇ ತರಹ ಇದ್ದರೂ, ನಿಮ್ಮ ಕುಟುಂಬ ಕೇಂದ್ರದ ಪಟ್ಟಿಯಲ್ಲಿದೆಯೋ ರಾಜ್ಯ ಸೇರಿಸಿದ ಪಟ್ಟಿಯಲ್ಲಿದೆಯೋ ಎಂಬುದರ ಮೇಲೆ ಹೊರರಾಜ್ಯದಲ್ಲಿ ಅದು ನಡೆಯುವುದು ನಿರ್ಧಾರವಾಗುತ್ತದೆ. ರೈಲು ಹತ್ತುವ ಮುಂಚೆ 14555ಕ್ಕೆ ಕರೆ ಮಾಡಿ ಕೇಳುವುದು ಒಳ್ಳೆಯದು. ಆಸ್ಪತ್ರೆಯಲ್ಲಾದರೆ ಆಯುಷ್ಮಾನ್ ಕೌಂಟರ್‌ನಲ್ಲಿ ಕೂತಿರುವ ಆರೋಗ್ಯ ಮಿತ್ರರಿಗೆ ಕಾರ್ಡ್ ಮತ್ತು ಆಧಾರ್ ತೋರಿಸಿ.

70 ದಾಟಿದವರಿಗೆ. 2024ರ ಅಕ್ಟೋಬರ್ 29ರಿಂದ ಆಯುಷ್ಮಾನ್ ವಯ ವಂದನಾ ಕಾರ್ಡ್ ಕೊಡಲಾಗುತ್ತಿದೆ. ಇದಕ್ಕೆ ಆದಾಯದ ಮಿತಿಯಿಲ್ಲ. ಆಧಾರ್ ಪ್ರಕಾರ ವಯಸ್ಸು 70 ಅಥವಾ ಹೆಚ್ಚು ಇದ್ದರೆ ಸಾಕು. ಒಂದೇ ಕುಟುಂಬದಲ್ಲಿ ಇಬ್ಬರು ಹಿರಿಯರಿದ್ದರೆ 5 ಲಕ್ಷವನ್ನು ಇಬ್ಬರೂ ಹಂಚಿಕೊಳ್ಳಬೇಕು. ಖಾಸಗಿ ವಿಮೆ ಅಥವಾ ಇಎಸ್‌ಐ ಇದ್ದವರೂ ಪಡೆಯಬಹುದು. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್ ಸೌಲಭ್ಯ ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಹಿರಿಯರ ಆಧಾರ್ ವಿಳಾಸ ಇನ್ನೂ ಊರಿನದಾಗಿದ್ದರೆ, ನೋಂದಣಿ ಹೇಗೆ ಎಂದು ಮೊದಲು ಅದೇ 14555ರಲ್ಲಿ ಕೇಳಿಕೊಳ್ಳಿ.

ಆಯುಷ್ಮಾನ್ ಕಾರ್ಡ್ ಬೇರೆ, ಆಭಾ ಬೇರೆ. ಬಹಳ ಜನ ಇವೆರಡನ್ನೂ ಒಂದೇ ಎಂದು ತಿಳಿದಿದ್ದಾರೆ. ಆಭಾ ಎಂಬುದು 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆ. ವರದಿಗಳನ್ನು ಒಂದೆಡೆ ಇಡಲು ಅದು ಸಹಾಯಕ, ಯಾರು ಬೇಕಾದರೂ ಮಾಡಿಸಬಹುದು. ಅದರಿಂದ ಬಿಲ್ಲಿನ ಒಂದು ರೂಪಾಯಿಯೂ ಕಡಿಮೆಯಾಗದು. "ನಮ್ಮ ಹತ್ತಿರ ಆಯುಷ್ಮಾನ್ ಇದೆ" ಎನ್ನುವ ಮುಂಚೆ ಕೈಯಲ್ಲಿರುವುದು ಯಾವುದು ಎಂದು ನೋಡಿಕೊಳ್ಳಿ.

ಪಡಿತರ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆ 2022ರಿಂದ ಎಲ್ಲ ರಾಜ್ಯಗಳಲ್ಲೂ ಇದೆ. ಆಹಾರ ಭದ್ರತಾ ಕಾಯ್ದೆಯಡಿ ಬರುವ ಚೀಟಿಯಿದ್ದರೆ, ಮುಂಬೈಯ ಪಡಿತರ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ನಿಮ್ಮ ಪಾಲು ಪಡೆಯಬಹುದು. ಊರಿನಲ್ಲಿರುವವರು ಉಳಿದ ಪಾಲನ್ನು ಅಲ್ಲೇ ತೆಗೆದುಕೊಳ್ಳಬಹುದು. ಆದರೆ ಹೊರರಾಜ್ಯದಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಸೇರಿಸಿ ಕೊಡುವುದು ಅಲ್ಲಿ ಸಿಗುವುದಿಲ್ಲ.

ಅಂಗವಿಕಲರ ಗುರುತಿನ ಚೀಟಿ. ಯುಡಿಐಡಿ ದೇಶದಾದ್ಯಂತ ಮಾನ್ಯ. 2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಅವುಗಳಲ್ಲಿ ಥಲಸ್ಸೀಮಿಯಾ, ಹಿಮೋಫೀಲಿಯಾ, ಪಾರ್ಕಿನ್ಸನ್ಸ್ ಕಾಯಿಲೆಯೂ ಸೇರಿವೆ ಎಂಬುದು ಎಷ್ಟೋ ಕುಟುಂಬಗಳಿಗೆ ಗೊತ್ತಿರುವುದಿಲ್ಲ.

ರಾಜ್ಯಕ್ಕೆ ಕಟ್ಟಿಕೊಂಡವು: ಅಲ್ಲಿನ ನಿವಾಸಿ ಎಂದು ತೋರಿಸಬೇಕು

ಮಹಾರಾಷ್ಟ್ರ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು 2024ರಲ್ಲಿ ಬಿಳಿ ಚೀಟಿಯವರೂ ಸೇರಿದಂತೆ ಎಲ್ಲ ಪಡಿತರ ಚೀಟಿದಾರರಿಗೂ ವಿಸ್ತರಿಸಲಾಯಿತು, ಮಿತಿಯೂ 5 ಲಕ್ಷಕ್ಕೆ ಏರಿತು. ಚೀಟಿ ಮಹಾರಾಷ್ಟ್ರದ್ದಾಗಿರಬೇಕು. ಸಹಾಯವಾಣಿ 155388. ಇದಲ್ಲದೆ ಧರ್ಮದತ್ತಿ ಕಾನೂನಿನಡಿ ನೋಂದಾಯಿತ ದೊಡ್ಡ ಟ್ರಸ್ಟ್ ಆಸ್ಪತ್ರೆಗಳು ಶೇ 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಶೇ 10ರಷ್ಟನ್ನು ದುರ್ಬಲ ವರ್ಗಕ್ಕೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ತುರ್ತು ಸಂದರ್ಭದಲ್ಲಿ ಇಂಥ ರೋಗಿಗಳಿಂದ ಮುಂಗಡ ಕೇಳುವಂತಿಲ್ಲ. ಕುಟುಂಬದ ವಾರ್ಷಿಕ ಆದಾಯದ ಪ್ರಮಾಣಪತ್ರ ಬೇಕಾಗುತ್ತದೆ.

ತಮಿಳುನಾಡು. ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು. ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ನೆಲೆಸಿರುವ ಹೊರರಾಜ್ಯದ ಕಾರ್ಮಿಕರನ್ನು ಕಾರ್ಮಿಕ ಇಲಾಖೆಯ ಪ್ರಮಾಣಪತ್ರದ ಮೇಲೆ ಸೇರಿಸಿಕೊಳ್ಳಲು ಅವಕಾಶವಿದೆ. ಸಹಾಯವಾಣಿ 1800 425 3993.

ತೆಲಂಗಾಣ. ರಾಜೀವ್ ಆರೋಗ್ಯಶ್ರೀ ಯೋಜನೆಯ ಮಿತಿ 2023ರ ಡಿಸೆಂಬರ್‌ನಲ್ಲಿ 10 ಲಕ್ಷಕ್ಕೆ ಏರಿತು. ಇದಕ್ಕೂ ಅಲ್ಲಿನ ಪಡಿತರ ಚೀಟಿಯೇ ಆಧಾರ. ವಿವರಗಳಿಗೆ 104.

ದೆಹಲಿ. ಸರ್ಕಾರದಿಂದ ರಿಯಾಯಿತಿ ದರದಲ್ಲಿ ಜಮೀನು ಪಡೆದ ಖಾಸಗಿ ಆಸ್ಪತ್ರೆಗಳು ಬಡ ರೋಗಿಗಳಿಗೆ ಒಳರೋಗಿ ವಿಭಾಗದಲ್ಲಿ ಶೇ 10, ಹೊರರೋಗಿ ವಿಭಾಗದಲ್ಲಿ ಶೇ 25ರಷ್ಟು ಉಚಿತ ಸೇವೆ ಕೊಡಬೇಕು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಎತ್ತಿಹಿಡಿದಿದೆ.

ಹಾಗಾದರೆ ಪಡಿತರ ಚೀಟಿಯನ್ನು ಹೊಸ ರಾಜ್ಯಕ್ಕೆ ಬದಲಿಸಬೇಕೇ? ಎಲ್ಲರಿಗೂ ಒಂದೇ ಉತ್ತರವಿಲ್ಲ. ಒಬ್ಬರ ಹೆಸರು ಎರಡು ರಾಜ್ಯಗಳ ಚೀಟಿಯಲ್ಲಿರುವಂತಿಲ್ಲ. ಬದಲಿಸಿದರೆ ಹೊಸ ರಾಜ್ಯದ ಆರೋಗ್ಯ ಯೋಜನೆ ಸಿಗಬಹುದು, ಊರಿನ ಅನ್ನಭಾಗ್ಯ ಮತ್ತು ಗೃಹಲಕ್ಷ್ಮಿ ಕೈತಪ್ಪಬಹುದು. ಮನೆಯಲ್ಲಿ ದೀರ್ಘಕಾಲದ ಚಿಕಿತ್ಸೆ ಬೇಕಾದವರಿದ್ದು, ಅವರು ಇನ್ನು ಇಲ್ಲೇ ಉಳಿಯುವುದಾದರೆ ಅವರೊಬ್ಬರ ಹೆಸರನ್ನಾದರೂ ವರ್ಗಾಯಿಸುವುದನ್ನು ಯೋಚಿಸಿ. ಮೊದಲು ಊರಿನ ಆಹಾರ ಇಲಾಖೆಯಿಂದ ಹೆಸರು ತೆಗೆದ ಪತ್ರ ಪಡೆಯಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯಬಹುದು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಮೇಲೆ ಓಡಾಡಿದರೆ ಕೆಲಸವಾಗುವುದಿಲ್ಲ.

ಕೆಲಸಕ್ಕೆ ಕಟ್ಟಿಕೊಂಡದ್ದು: ಇಎಸ್‌ಐ

ತಿಂಗಳ ವೇತನ 21,000 ರೂಪಾಯಿವರೆಗೆ, ಅಂಗವಿಕಲರಾದರೆ 25,000ದವರೆಗೆ ಇರುವ ನೌಕರರಿಗೆ ಇಎಸ್‌ಐ ಅನ್ವಯಿಸುತ್ತದೆ. ವೇತನದ ಶೇ 0.75 ನಿಮ್ಮಿಂದ, ಶೇ 3.25 ಉದ್ಯೋಗದಾತರಿಂದ ಹೋಗುತ್ತದೆ. ವೇತನ ಚೀಟಿಯಲ್ಲಿ ಈ ಕಡಿತ ಕಾಣುತ್ತಿದ್ದರೆ ನೀವು ಮತ್ತು ನಿಮ್ಮ ಅವಲಂಬಿತರು ಚಿಕಿತ್ಸೆಗೆ ಹಕ್ಕುದಾರರು. ಹೆಂಡತಿ ಮಕ್ಕಳು ಊರಿನಲ್ಲಿದ್ದರೆ ಅಲ್ಲಿನ ಇಎಸ್‌ಐ ಚಿಕಿತ್ಸಾಲಯದಲ್ಲೂ ತೋರಿಸಿಕೊಳ್ಳಬಹುದು.

ಇಎಸ್‌ಐ ಎಂದರೆ ಔಷಧಿ ಮಾತ್ರವಲ್ಲ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷದಲ್ಲಿ 91 ದಿನಗಳವರೆಗೆ ವೇತನದ ಶೇ 70ರಷ್ಟು ಭತ್ಯೆ ಇದೆ. ಕ್ಯಾನ್ಸರ್, ಕ್ಷಯದಂಥ ಪಟ್ಟಿಯಲ್ಲಿರುವ ದೀರ್ಘ ಕಾಯಿಲೆಗಳಿಗೆ, ನಿಗದಿತ ಸೇವಾವಧಿ ಆಗಿದ್ದರೆ, ಶೇ 80ರಷ್ಟು ಇನ್ನೂ ಹೆಚ್ಚು ಕಾಲ ಸಿಗುತ್ತದೆ. ವೈದ್ಯಕೀಯ ಪ್ರಮಾಣಪತ್ರ ಇಎಸ್‌ಐ ವೈದ್ಯರದ್ದೇ ಆಗಿರಬೇಕು. ಬೇರೆ ಕಡೆ ಚಿಕಿತ್ಸೆ ಪಡೆಯುತ್ತಿದ್ದರೂ ರಜೆ ಆರಂಭವಾದ ಕೂಡಲೇ ಅವರಿಗೆ ತೋರಿಸಿ. ಆರಂಭದ ಈ ಹೆಜ್ಜೆ ತಪ್ಪಿದ್ದರಿಂದಲೇ ಭತ್ಯೆ ಕಳೆದುಕೊಂಡವರನ್ನು ಔಷಧಿ ಕೌಂಟರ್‌ನಲ್ಲಿ ಕೆಲಸ ಮಾಡುವಾಗ ಮತ್ತೆ ಮತ್ತೆ ಕಂಡಿದ್ದೇನೆ. ಸಹಾಯವಾಣಿ 1800 11 2526.

ಮನೆಗೆ ಬಂದ ಮೇಲಿನ ಔಷಧಿ ಖರ್ಚು

ಆಯುಷ್ಮಾನ್ ಯೋಜನೆ ಒಳರೋಗಿ ಚಿಕಿತ್ಸೆಗೆ. ಅದರಲ್ಲಿ ದಾಖಲಾತಿಗೆ ಮುಂಚಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ಔಷಧಿ, ಪರೀಕ್ಷೆ ಸೇರಿರುತ್ತವೆ. ಬಿಡುಗಡೆಯ ದಿನ ಆ 15 ದಿನದ ಔಷಧಿಯನ್ನು ಕೇಳಿ ಪಡೆಯಿರಿ. ಹದಿನಾರನೇ ದಿನದಿಂದ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ಮಾತ್ರೆಗಳ ಖರ್ಚು ನಿಮ್ಮದೇ. ನಿಜವಾದ ಹೊರೆ ಅಲ್ಲಿಂದ ಶುರುವಾಗುತ್ತದೆ.

ಮೊದಲ ದಾರಿ, ಹತ್ತಿರದ ಸರ್ಕಾರಿ ಅಥವಾ ಪಾಲಿಕೆಯ ಚಿಕಿತ್ಸಾಲಯ. ಮುಂಬೈಯ ಆಪ್ಲಾ ದವಾಖಾನಾ, ಹೈದರಾಬಾದಿನ ಬಸ್ತಿ ದವಾಖಾನಾ, ಚೆನ್ನೈಯ ನಗರ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯ ಔಷಧಿಗಳು ಸಿಗುತ್ತವೆ. ತಮಿಳುನಾಡಿನಲ್ಲಿ 2021ರಿಂದ ಬಿಪಿ ಮತ್ತು ಸಕ್ಕರೆ ಕಾಯಿಲೆಯವರ ಮನೆಬಾಗಿಲಿಗೇ ಔಷಧಿ ತಲುಪಿಸುವ ಯೋಜನೆಯೂ ಇದೆ.

ಎರಡನೆಯದು, ಜನೌಷಧಿ ಕೇಂದ್ರ. ಬ್ರ್ಯಾಂಡ್ ಔಷಧಿಗಿಂತ ಸಾಮಾನ್ಯವಾಗಿ ಅರ್ಧ ಅಥವಾ ಅದಕ್ಕಿಂತ ಕಡಿಮೆ ಬೆಲೆ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆದುಕೊಡುವಂತೆ ವೈದ್ಯರನ್ನು ಕೇಳಿ. ಮೂರನೆಯದು, ದೊಡ್ಡ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಅಮೃತ್ ಮಳಿಗೆ. ಕ್ಯಾನ್ಸರ್ ಮತ್ತು ಹೃದಯದ ಔಷಧಿಗಳು ಅಲ್ಲಿ ರಿಯಾಯಿತಿಯಲ್ಲಿ ಸಿಗುತ್ತವೆ.

ಒಂದು ಎಚ್ಚರಿಕೆ. ಊರಿನಲ್ಲಿ ಕೊಟ್ಟ ಮಾತ್ರೆ, ಇಲ್ಲಿ ಕೊಟ್ಟ ಮಾತ್ರೆ ಎರಡೂ ಬೇರೆ ಹೆಸರು, ಬೇರೆ ಬಣ್ಣದಲ್ಲಿದ್ದು, ಒಳಗಿನ ಔಷಧಿ ಒಂದೇ ಆಗಿರಬಹುದು. ಎರಡನ್ನೂ ನುಂಗಿದರೆ ಪ್ರಮಾಣ ಇಮ್ಮಡಿಯಾಗುತ್ತದೆ. ಬಿಪಿ ಮಾತ್ರೆಯಾದರೆ ತಲೆಸುತ್ತಿ ಬೀಳಬಹುದು, ಸಕ್ಕರೆ ಮಾತ್ರೆಯಾದರೆ ಸಕ್ಕರೆ ತೀರಾ ಇಳಿಯಬಹುದು. ಹಳೆಯ ಪಟ್ಟಿಗಳನ್ನು ಎಸೆಯದೆ ತಂದು ಔಷಧ ತಜ್ಞರಿಗೆ ತೋರಿಸಿ. ಮೂರ್ಛೆ ಮತ್ತು ಥೈರಾಯ್ಡ್ ಔಷಧಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಿಸುವ ಮುಂಚೆ ವೈದ್ಯರಿಗೆ ತಿಳಿಸಿ.

ಕಾಗದಪತ್ರ: ಹೆಸರು ಮತ್ತು ಭಾಷೆಯ ತೊಡಕು

ಕನ್ನಡಿಗರ ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಹೆಸರಿನಲ್ಲಿ. ನಮ್ಮ ಹೆಸರಿನ ಮುಂದೆ ಊರಿನ, ತಂದೆಯ ಇನಿಷಿಯಲ್‌ಗಳು ಇರುತ್ತವೆ. ಮಹಾರಾಷ್ಟ್ರದ ಅರ್ಜಿಯಲ್ಲಿ ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆತನದ ಹೆಸರು ಎಂದು ಮೂರು ಖಾನೆಗಳಿರುತ್ತವೆ. ತುಂಬುವವರು ತೋಚಿದಂತೆ ತುಂಬಿದರೆ ಆಧಾರ್ ಒಂದು, ಆಸ್ಪತ್ರೆ ದಾಖಲೆ ಇನ್ನೊಂದು, ಬ್ಯಾಂಕ್ ಖಾತೆ ಮತ್ತೊಂದಾಗುತ್ತದೆ. ನೋಂದಣಿಯ ಮೊದಲ ದಿನವೇ "ಆಧಾರ್‌ನಲ್ಲಿ ಇದ್ದಂತೆಯೇ ಬರೆಯಿರಿ" ಎಂದು ಹೇಳಿ, ಬರೆದದ್ದನ್ನು ಓದಿ ನೋಡಿ.

ಇನ್ನು ಭಾಷೆ. ಮರಾಠಿಯಲ್ಲಿ "ಉತ್ಪನ್ನಾಚಾ ದಾಖಲಾ" ಕೇಳಿದರೆ ಅದು ಆದಾಯ ಪ್ರಮಾಣಪತ್ರ. ನಮ್ಮ "ಉತ್ಪನ್ನ"ಕ್ಕೂ ಅದಕ್ಕೂ ಅರ್ಥ ಬೇರೆ. "ಶಿಧಾಪತ್ರಿಕಾ" ಎಂದರೆ ಪಡಿತರ ಚೀಟಿ. ತಮಿಳಿನಲ್ಲಿ ಪಡಿತರ ಚೀಟಿ "ಕುಡುಂಬ ಅಟ್ಟೈ". ಹಿಂದಿಯಲ್ಲಿ ಆದಾಯ ಪ್ರಮಾಣಪತ್ರ "ಆಯ್ ಪ್ರಮಾಣ್ ಪತ್ರ". ಈ ಮಾತುಗಳನ್ನು ಫೋನಿನಲ್ಲಿ ಬರೆದಿಟ್ಟುಕೊಂಡರೆ ಒಂದು ಸುತ್ತು ಅಲೆದಾಟ ತಪ್ಪುತ್ತದೆ.

ಯಾರನ್ನು, ಯಾವಾಗ ಕೇಳಬೇಕು?

ದೊಡ್ಡ ಸರ್ಕಾರಿ ಮತ್ತು ಟ್ರಸ್ಟ್ ಆಸ್ಪತ್ರೆಗಳಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಇರುತ್ತಾರೆ. ಮಹಾರಾಷ್ಟ್ರದಲ್ಲಿ ಅವರನ್ನು ಸಮಾಜಸೇವಾ ಅಧೀಕ್ಷಕ ಎನ್ನುತ್ತಾರೆ. ಯಾವ ಯೋಜನೆ, ಯಾವ ಟ್ರಸ್ಟ್, ಯಾವ ಪತ್ರ ಎಂದು ದಾರಿ ತೋರಿಸುವುದೇ ಅವರ ಕೆಲಸ. ಅವರ ಬಳಿ ಹೋಗಲು ಸಂಕೋಚ ಬೇಡ. ಅದು ಬೇಡುವುದಲ್ಲ, ನಿಮಗಾಗಿ ಇರುವ ವ್ಯವಸ್ಥೆಯನ್ನು ಬಳಸುವುದು.

ಮುಖ್ಯವಾದದ್ದು ಸಮಯ. ಆಯುಷ್ಮಾನ್ ಯೋಜನೆ ನಗದುರಹಿತವಾದದ್ದು. ಮೊದಲು ಹಣ ಕಟ್ಟಿ, ಆಮೇಲೆ ಬಿಲ್ ತೋರಿಸಿ ವಾಪಸ್ ಪಡೆಯುವ ವಿಮೆ ಅದಲ್ಲ. ಯೋಜಿತ ಶಸ್ತ್ರಚಿಕಿತ್ಸೆಗೆ ಮುಂಚಿತ ಅನುಮತಿ ಬೇಕು. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಹಾಕುವುದಾದರೂ ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರದೊಂದಿಗೆ ಚಿಕಿತ್ಸೆಗೆ ಮುಂಚೆಯೇ ಹಾಕಬೇಕು. ಆದ್ದರಿಂದ ದಾಖಲಾಗುವ ದಿನ, ಮುಂಗಡ ಕಟ್ಟುವ ಮುಂಚೆ, ಈ ನಾಲ್ಕನ್ನು ಕೇಳಿ:

1. ಈ ಆಸ್ಪತ್ರೆ ಯಾವ ಯೋಜನೆಗಳಲ್ಲಿ ನೋಂದಣಿಯಾಗಿದೆ?
2. ನಮಗೆ ಬೇಕಾದ ಚಿಕಿತ್ಸೆ ಆ ಯೋಜನೆಯ ಪಟ್ಟಿಯಲ್ಲಿದೆಯೇ?
3. ನಮ್ಮ ಕಾರ್ಡ್‌ಗೆ ಈ ರಾಜ್ಯದಲ್ಲಿ ಅನುಮತಿ ಸಿಗುತ್ತದೆಯೇ?
4. ಸಿಗದಿದ್ದರೆ ರಿಯಾಯಿತಿ ಹಾಸಿಗೆಗೆ ಯಾರನ್ನು ಕಾಣಬೇಕು?

ಪ್ರಯಾಣದ ಖರ್ಚಿನಲ್ಲೂ ಉಳಿತಾಯವಿದೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರು ಹಂತದ ಹವಾನಿಯಂತ್ರಿತ ಬೋಗಿಯಲ್ಲಿ ಪೂರ್ತಿ, ಜತೆಯವರೊಬ್ಬರಿಗೆ ಶೇ 75ರಷ್ಟು ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪತ್ರ ಪಡೆದು ರೈಲ್ವೆ ಕೌಂಟರ್‌ನಲ್ಲಿ ಕೊಡಬೇಕು.

ಇಂದೇ ಮಾಡಿಡಬಹುದಾದ ಕೆಲಸ

ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ಒಂದು ಕಡತ ಮಾಡಿ: ಪ್ರತಿಯೊಬ್ಬರ ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಅಥವಾ ಇಎಸ್‌ಐ ಕಾರ್ಡ್, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಈಗಿನ ಮನೆಯ ಬಾಡಿಗೆ ಕರಾರು, ಹಿಂದಿನ ಡಿಸ್ಚಾರ್ಜ್ ಸಾರಾಂಶ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಮೂಲ ಹೆಸರು ಮತ್ತು ಪ್ರಮಾಣ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದೆಯೇ ನೋಡಿ. ಅದಕ್ಕೆ ಬರುವ ಒಟಿಪಿ ಸಿಗದೆ ಆಸ್ಪತ್ರೆಯಲ್ಲಿ ಕಾರ್ಡ್‌ನ ಕೆಲಸ ನಿಂತುಹೋಗಬಹುದು.

ಯೋಜನೆಗಳ ಮಿತಿ ಮತ್ತು ಷರತ್ತುಗಳು ಕಾಲಕಾಲಕ್ಕೆ ಬದಲಾಗುತ್ತವೆ. ಇಲ್ಲಿ ಕೊಟ್ಟಿರುವ ಸಹಾಯವಾಣಿಗಳಲ್ಲಿ ಒಮ್ಮೆ ಖಚಿತಪಡಿಸಿಕೊಂಡು ಮುಂದುವರಿಯಿರಿ. ಕೌಂಟರ್‌ನಲ್ಲಿ ಯಾರಾದರೂ "ನಿಮ್ಮದು ಇಲ್ಲಿ ಆಗುವುದಿಲ್ಲ" ಎಂದರೆ ಅಲ್ಲಿಗೇ ಹಿಂತಿರುಗಬೇಡಿ. ಯಾವ ಕಾರಣಕ್ಕೆ ಎಂದು ಕೇಳಿ. ಪಟ್ಟಿಯಲ್ಲಿ ಹೆಸರಿಲ್ಲವೇ, ಆಸ್ಪತ್ರೆ ನೋಂದಣಿಯಾಗಿಲ್ಲವೇ, ಚಿಕಿತ್ಸೆ ಪಟ್ಟಿಯಲ್ಲಿಲ್ಲವೇ ಅಥವಾ ಹೆಸರು ಹೊಂದುತ್ತಿಲ್ಲವೇ? ಈ ನಾಲ್ಕೂ ಬೇರೆ ಬೇರೆ ಕಾರಣಗಳು, ಪ್ರತಿಯೊಂದಕ್ಕೂ ಮುಂದಿನ ಹೆಜ್ಜೆ ಬೇರೆ.